ಲಿಲಾವಿನ ಗಂಟಲು

ಗಿಟಾರಿನ ತಂತಿಗೆ ಎಣ್ಣೆ ಹಚ್ಚಬಾರದು ಎಂದು ನಮ್ಮ ಆರ್ಕೆಸ್ಟ್ರಾದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಾನು ಇನ್ನಷ್ಟು ವರ್ಷ ಮದುವೆ ಮನೆಗಳಲ್ಲಿ ಸೆರಗು ಹೊದ್ದು ನಿಂತು, ಸಣ್ಣ ಸ್ವರದಲ್ಲಿ ಸಿನಿಮಾ ಹಾಡು ಹೇಳಿಕೊಂಡು ಇರುತ್ತಿದ್ದೆನೋ ಏನೋ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊನ್ನಾವರದ ಬಂದರಿನ ಹತ್ತಿರ, ಬಲೆ ತುಂಬಿಡುವ ಒಂದು ಶೆಡ್ಡಿನಲ್ಲಿ ನಮ್ಮ ಅಭ್ಯಾಸ. ಮಳೆಗಾಲದಲ್ಲಿ ದೋಣಿಗಳು ದಡ ಹತ್ತುತ್ತವೆ, ಮದುವೆಗಳೂ ನಿಲ್ಲುತ್ತವೆ. ಹಾಗಾಗಿ ಮೀನುಗಾರರಿಗೂ ಆರ್ಕೆಸ್ಟ್ರಾದವರಿಗೂ ರಜೆ ಒಂದೇ ಕಾಲಕ್ಕೆ. ಅವರು ಒಂದು ಮೂಲೆಯಲ್ಲಿ ಹರಿದ ಬಲೆ ಹೆಣೆಯುತ್ತಿದ್ದರು, ನಾವು ಇನ್ನೊಂದು ಮೂಲೆಯಲ್ಲಿ ಹೊಸ ಹಾಡು ಕೂರಿಸಿಕೊಳ್ಳುತ್ತಿದ್ದೆವು. ಶೆಡ್ಡಿನ ವಾಸನೆ ಹೊರಗಿನಿಂದ ಬಂದವರಿಗೆ ತಡೆಯುತ್ತಿರಲಿಲ್ಲ. ನಮಗೆ ಅದು ಗೊತ್ತೂ ಆಗುತ್ತಿರಲಿಲ್ಲ.

ತಂಡ ಕಟ್ಟಿದವರು ಮಾಸ್ತರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು, ನಮ್ಮಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ನನ್ನನ್ನು ಕರೆದು ಗಾಯಕಿ ಮಾಡಿದವರು ಅವರೇ. ನಾನು ಮೀನಿನ ಕೇರಿಯವಳು. ನನ್ನ ಆಯಿ, ಎಂದರೆ ಅಮ್ಮ, ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ನಮ್ಮ ಕೇರಿಯಲ್ಲಿ ಗುಟ್ಟು ಹೇಳಿದರೂ ನಾಲ್ಕು ಮನೆಗೆ ಕೇಳುತ್ತದೆ. ಅಂಥ ಗಂಟಲನ್ನು ಮಾಸ್ತರು ವರ್ಷಗಟ್ಟಲೆ ಕೂತು ಸಣ್ಣ ಮಾಡಿದ್ದರು. "ಎದೆಯಿಂದ ಬೇಡ ತಂಗೀ, ಮೇಲೆ ತಾ, ಮೂಗಿನ ಹತ್ರ ತಾ" ಎನ್ನುವುದು ಅವರ ಮಂತ್ರ. ನಾನು ಬೇಗ ಕಲಿತೆ. ಕಣ್ಣು ಮುಚ್ಚಿಕೊಂಡು ಕೇಳಿದರೆ ರೇಡಿಯೋ ಅನ್ನಬೇಕು, ಹಾಗೆ ಹಾಡುತ್ತಿದ್ದೆ. ನನಗೆ ಅದರ ಜಂಬವೂ ಇತ್ತು.

ಜಂಬಕ್ಕೆ ಕಾರಣವಿತ್ತು. ಹಗಲು ನನ್ನ ಕೆಲಸ ಸಿಗಡಿ ಸುಲಿಯುವ ಶೆಡ್ಡಿನಲ್ಲಿ. ಮಂಜುಗಡ್ಡೆಯ ನೀರಿನಲ್ಲಿ ಕೈ ಅದ್ದಿ ಕೂತರೆ ಮಧ್ಯಾಹ್ನದ ಹೊತ್ತಿಗೆ ಬೆರಳು ನನ್ನದೋ ಪಕ್ಕದವಳದೋ ತಿಳಿಯುತ್ತಿರಲಿಲ್ಲ. ಅಲ್ಲಿ ನಾನು ಸಾಲಿನಲ್ಲಿ ಕೂತ ಒಬ್ಬಳು. ಮೈಕಿನ ಮುಂದೆ ಮಾತ್ರ ನನಗೆ ಒಂದು ಮುಖ ಇತ್ತು. ಹಾಡು ಹೋದರೆ ನನಗೆ ಉಳಿಯುವುದು ಮಂಜುಗಡ್ಡೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಗಿಟಾರಿನವನು ಹಡಗಿನಲ್ಲಿ ಇಂಜಿನ್ ರೂಮಿನ ಕೆಲಸ ಮಾಡಿ ಊರಿಗೆ ವಾಪಸಾದವನು. ಬರುವಾಗ ಒಂದು ಕೆಂಪು ಗಿಟಾರು, ಒಂದು ಡಬ್ಬಿ ಕ್ಯಾಸೆಟ್ಟು ತಂದಿದ್ದ. ಆ ಕ್ಯಾಸೆಟ್ಟುಗಳಲ್ಲಿ ಇದ್ದದ್ದು ಹಾಡೋ ಬೈಗುಳವೋ ನಮಗೆ ಗೊತ್ತಾಗುತ್ತಿರಲಿಲ್ಲ. "ನಮ್ಮ ಹಾಡಿಗೆ ತೂಕ ಇಲ್ಲ ಮಾರಾಯ್ತಿ, ಊದಿದ್ರೆ ಹಾರಿ ಹೋಗ್ತದೆ" ಎಂದು ನನ್ನ ಮುಖಕ್ಕೇ ಹೇಳುತ್ತಿದ್ದ. ಮಾಸ್ತರು ಕೇಳಿಸದವರ ಹಾಗೆ ಹಾರ್ಮೋನಿಯಂ ಒರೆಸುತ್ತಿದ್ದರು.

ಕಡಲ ಗಾಳಿಗೆ ಗಿಟಾರಿನ ತಂತಿ ಬಾಳುವುದಿಲ್ಲ. ತುಕ್ಕು ಹಿಡಿದು ಹಾಡಿನ ಮಧ್ಯೆ ಪಟ್ಟೆಂದು ಹರಿಯುತ್ತದೆ. ಹೊಸದು ಬೇಕೆಂದರೆ ಮುಂಬಯಿಯಿಂದ ಯಾರಾದರೂ ಊರಿಗೆ ಬರುವಾಗ ತರಬೇಕು. ಆ ಮಳೆಗಾಲಕ್ಕೆ ಅವನ ಹತ್ತಿರ ಉಳಿದಿದ್ದದ್ದು ಗಿಟಾರಿನ ಮೇಲಿದ್ದ ಆರು ತಂತಿ ಅಷ್ಟೇ. ನಮ್ಮ ಡ್ರಮ್ಮಿನವನು ದೋಣಿಯ ಮನೆಯ ಹುಡುಗ. ಅವರ ಮನೆಯಲ್ಲಿ ಮಳೆಗಾಲ ಬಂತೆಂದರೆ ಇಂಜಿನ್ನು, ಸರಪಳಿ, ಲಂಗರು, ಕೈಗೆ ಸಿಕ್ಕ ಕಬ್ಬಿಣಕ್ಕೆಲ್ಲ ಎಣ್ಣೆ ಬಳಿದು ಇಡುವುದು ಪದ್ಧತಿ. ಗಿಟಾರು ಶೆಡ್ಡಿನಲ್ಲೇ ಇತ್ತು. ಒಂದು ದಿನ ನಾವ್ಯಾರೂ ಇಲ್ಲದಾಗ ಅವನು ಆರೂ ತಂತಿಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿ, ಹರಿಯದಿರಲಿ ಎಂದು ಬಿರಡೆಗಳನ್ನೂ ಸಡಿಲಿಸಿ, ಗೋಣಿ ಹೊದಿಸಿ ಹೋದ.

ಮರುದಿನ ಗಿಟಾರಿನವನು ತಂತಿ ಮುಟ್ಟಿದ. ಮಿಂಚಿನ ಹಾಗೆ ಬರುತ್ತಿದ್ದ ನಾದ ಹೋಗಿ, ಒದ್ದೆ ಹಗ್ಗ ಬಡಿದ ಸದ್ದು ಬಂತು.

"ಎಂತ ಮಾಡಿದ್ಯಾ ನೀನು ಇದಕ್ಕೆ?"

"ತುಕ್ಕು ಹಿಡಿಬಾರ್ದು ಹೇಳಿ ಎಣ್ಣೆ ಹಚ್ಚಿದೆ. ಬಿಗಿ ಇದ್ರೆ ಹರೀತದೆ ಅಲ್ದಾ, ಅದ್ಕೇ ಸಡಿಲು ಮಾಡಿದೆ."

"ಇದೆಂತ ನಿನ್ನ ಅಪ್ಪನ ಲಂಗರಾ?"

ಹೊಡೆದಾಟ ಆಗುವುದೊಂದು ಬಾಕಿ. ಮಾಸ್ತರು ನಡುವೆ ಬಂದು ಬಿಡಿಸಿದರು. ತಂತಿ ಬೇರೆ ಇಲ್ಲ, ಬಿಗಿ ಮಾಡಲು ಭಯ, ಅಭ್ಯಾಸ ಮಾಡದೆ ಗತಿಯಿಲ್ಲ. ಗಿಟಾರಿನವನು ಹಾಗೇ ಸಡಿಲು ತಂತಿಯಲ್ಲೇ ಒಂದಕ್ಕೊಂದು ಹೊಂದಿಸಿಕೊಂಡ. ಸದ್ದು ಮಂಕಾಗಿತ್ತೆಂದು ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಆಮೇಲೆ ಎಲ್ಲಕ್ಕಿಂತ ದಪ್ಪ ತಂತಿಯನ್ನು ಬೆರಳಿಡದೆ ಬಿಟ್ಟು ಹೊಡೆದ.

ಸ್ಪೀಕರಿನ ಪೆಟ್ಟಿಗೆ ಗುರ್ರೆಂದಿತು. ಬಲೆ ಹೆಣೆಯುತ್ತಿದ್ದವರು ಎದ್ದು ನಿಂತರು. ನನ್ನ ಕಾಲಡಿಯ ನೆಲ ನಡುಗಿದ್ದು ನನಗೆ ಈಗಲೂ ನೆನಪಿದೆ. ಗಿಟಾರಿನವನು ಮತ್ತೊಮ್ಮೆ ಹೊಡೆದ, ಇನ್ನೊಮ್ಮೆ ಹೊಡೆದ. ಅವನ ಸಿಟ್ಟು ಎಲ್ಲಿ ಹೋಯಿತೋ. "ಇದೇ. ಇದಕ್ಕೇ ನಾ ಇಷ್ಟು ದಿನ ತಡಕಾಡಿದ್ದು" ಎಂದ. ಎಣ್ಣೆ ಹಚ್ಚಿದವನನ್ನು ಅಪ್ಪಿಕೊಂಡ.

ಅಂದಿನಿಂದ ನಮ್ಮ ಹಾಡುಗಳೆಲ್ಲ ಆ ದಪ್ಪ ತಂತಿಯ ಮೇಲೆ ಕೂರಬೇಕಾಯಿತು. ಬೆರಳಿಡದೆ ಬಿಟ್ಟು ಹೊಡೆದರೆ ಮಾತ್ರ ಆ ಗುಡುಗು ಬರುವುದು, ಹಾಗಾಗಿ ಹಾಡಿನ ಶ್ರುತಿಯೇ ಅದಕ್ಕೆ ಬಗ್ಗಬೇಕು. ಹಾರ್ಮೋನಿಯಂನ ಸ್ವರದ ಮನೆಗಳಲ್ಲಿ ಎಣಿಸಿದರೆ ನಾನು ಹಾಡುತ್ತಿದ್ದ ಜಾಗಕ್ಕಿಂತ ನಾಲ್ಕೈದು ಮನೆ ಕೆಳಗೆ. ಡ್ರಮ್ಮಿನವನೂ ಕಡ್ಡಿ ಬಿಟ್ಟು ದಪ್ಪ ಕೋಲು ಹಿಡಿದ. ಇಬ್ಬರಿಗೂ ದೆವ್ವ ಹಿಡಿದ ಹಾಗಾಗಿತ್ತು. ಬಡವಾದದ್ದು ಮಾತ್ರ ನಾನು. ಆ ತಗ್ಗಿನಲ್ಲಿ ನನ್ನ ಸಣ್ಣ ಸ್ವರಕ್ಕೆ ನಿಲ್ಲಲು ನೆಲೆಯೇ ಇರಲಿಲ್ಲ. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಹಾಡು ಬರುತ್ತಿರಲಿಲ್ಲ.

ಸುಮ್ಮನೆ ಕೂರುವವಳಲ್ಲ ನಾನು. ಏನೇನೋ ಮಾಡಿ ನೋಡಿದೆ. ಮೈಕನ್ನು ತುಟಿಗೆ ತಾಗಿಸಿ ಹಾಡಿದೆ. ಮೈಕು ಕುಂಯ್ಯೆಂದು ಕಿರುಚಿತು. ಗಿಟಾರಿನ ಪೆಟ್ಟಿಗೆಯನ್ನು ನನ್ನ ಬೆನ್ನ ಹಿಂದಿನಿಂದ ತೆಗೆಸಿ ದೂರ ಇಡಿಸಿದೆ. ಆದರೂ ನನ್ನ ಮೈಕೂ ಅವನ ಗಿಟಾರೂ ಹೋಗುತ್ತಿದ್ದದ್ದು ಒಂದೇ ಆಂಪ್ಲಿಫೈಯರಿಗೆ. ಅವನು ಏರಿಸಿದಾಗಲೆಲ್ಲ ನನ್ನ ಸ್ವರವೂ ಆ ಗುರುಗುಟ್ಟುವಿಕೆಯಲ್ಲಿ ಕಲಸಿ ಹೋಗುತ್ತಿತ್ತು. ಕೊನೆಗೆ ಶ್ರುತಿ ಏರಿಸಲು ಮಾಸ್ತರೇ ಒಂದು ಉಪಾಯ ಹುಡುಕಿದರು. ಗಿಟಾರಿನ ಕತ್ತಿಗೆ ಅಡ್ಡಲಾಗಿ ಒಂದು ಪೆನ್ಸಿಲ್ಲು ಇಟ್ಟು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಿದರು. ತಂತಿ ಗಿಡ್ಡವಾದರೆ ಸ್ವರ ಮೇಲೇರಬೇಕು. ಏರಿತು. ನಾನು ಪಲ್ಲವಿ ಮುಗಿಸುವಷ್ಟರಲ್ಲಿ ಎಲ್ಲಕ್ಕಿಂತ ಸಣ್ಣ ತಂತಿ, ಎಣ್ಣೆಯೊಳಗೂ ತುಕ್ಕು ಹಿಡಿದಿತ್ತೋ ಏನೋ, ಹರಿದು ಮಾಸ್ತರ ಕೈಗೆ ಬಡಿಯಿತು. ಗಿಟಾರಿಗೆ ಉಳಿದದ್ದು ಐದು ತಂತಿ. ಪೆನ್ಸಿಲ್ಲನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ಕುಮಟೆಯ ಒಂದು ಗಣೇಶ ಪೆಂಡಾಲಿನಲ್ಲಿ ಮಳೆ ಇಳಿದ ಮೇಲಿನ ಮೊದಲ ಕಾರ್ಯಕ್ರಮ. ಸಂಜೆ ಜನ ಕಿಕ್ಕಿರಿದಿದ್ದರು, ಮುಂದಿನ ಸಾಲಿನಲ್ಲಿ ಮಕ್ಕಳು, ಮುದುಕಿಯರು. ನಾವು ಎಲ್ಲರೂ ಬಲ್ಲ ಒಂದು ಮೆಲ್ಲನೆಯ ಹಾಡನ್ನೇ ಎತ್ತಿಕೊಂಡೆವು. ಗಿಟಾರಿನವನು ದಪ್ಪ ತಂತಿ ಹೊಡೆದ. ಮುಂದಿದ್ದ ಮಗು ಹೆದರಿ ಅಳತೊಡಗಿತು, ಅದನ್ನು ನೋಡಿ ಇನ್ನೊಂದು. ನಾನು ಹಾಡುತ್ತಲೇ ಇದ್ದೆ. ಕತ್ತಿನ ನರ ಉಬ್ಬಿಸಿ ಹಾಡುತ್ತಿದ್ದೆ. ಹಿರಿಯರೊಬ್ಬರು ವೇದಿಕೆಯ ಹತ್ತಿರ ಬಂದು ಮಾಸ್ತರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿತು.

"ನಿಮ್ಮ ಹುಡುಗಿ ಬಾಯಿ ಆಡಿಸ್ತದೆ, ಸ್ವರ ಬರುದಿಲ್ಲ. ಆರಾಮ ಇಲ್ವಾ ಎಂತದು?"

ಐದನೆಯ ಹಾಡಿಗೆ ಸಮಿತಿಯವರೇ ಬಂದು, ಆರತಿಯ ಹೊತ್ತಾಯಿತೆಂದು ನಮ್ಮನ್ನು ನಿಲ್ಲಿಸಿದರು. ಆರತಿ ಆಗಲೇ ಮುಗಿದಿತ್ತು ಎಂಬುದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ವಾಪಸು ಬರುವಾಗ ಟೆಂಪೋದಲ್ಲಿ ಜಗಳ ಶುರುವಾಯಿತು. ಇನ್ನು ಆ ಪೆಟ್ಟಿಗೆ ತಂದರೆ ತಾನು ಬರುವುದಿಲ್ಲ ಎಂದು ಮಾಸ್ತರು. ಹಳೆಯ ಹಾಡಿಗೆ ಇನ್ನು ಕೈ ಏಳುವುದಿಲ್ಲ ಎಂದು ಗಿಟಾರಿನವನು. ಹೊನ್ನಾವರ ಹತ್ತಿರವಾದಾಗ ಗಿಟಾರಿನವನು ನನ್ನ ಕಡೆ ನೋಡದೆ ಹೇಳಿದ.

"ಕುಮಟೆಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗ ಇದ್ದಾನೆ. ಒಳ್ಳೆ ದೊಡ್ಡ ಗಂಟಲು. ಭಟ್ಕಳದ ಕಾರ್ಯಕ್ರಮಕ್ಕೆ ಅವನನ್ನೇ ಕರೆಯುವ ಅಂತ."

"ನಾನು?" ಎಂದೆ.

"ನೀನು... ಕೋರಸ್ಸಿಗೆ ನಿಲ್ಲು."

ಭಟ್ಕಳ ಬಂದರಿನಲ್ಲಿ ಆಯುಧ ಪೂಜೆಯ ದಿನ ದೋಣಿ ಮಾಲೀಕರ ಕಾರ್ಯಕ್ರಮ. ಮಾಸ್ತರ ಮಾತಿನ ಮೇಲೆ ಮೊದಲೇ ಒಪ್ಪಿಕೊಂಡದ್ದು. ಅದಕ್ಕೆ ಇನ್ನು ಒಂದು ತಿಂಗಳಿಗೂ ಕಡಿಮೆ ಸಮಯ. ನಾನು ಮರುದಿನ ಸಿಗಡಿ ಶೆಡ್ಡಿನಲ್ಲಿ ಕೂತು ಯೋಚಿಸಿದೆ: ಮಾಸ್ತರ ಕಡೆ ನಿಂತರೆ ತಂಡ ಒಡೆಯುತ್ತದೆ, ಗಿಟಾರಿನವನ ಕಡೆ ನಿಂತರೆ ನಾನೇ ಹೊರಗೆ. ನಾಲ್ಕು ದಿನ ಸರಿಯಾಗಿ ಊಟ ಸೇರಲಿಲ್ಲ. ಯಾರು ಮಾತಾಡಿಸಿದರೂ ಸಿಡುಕುತ್ತಿದ್ದೆ. ಕೂತಲ್ಲಿ ಕೂರಲಾಗದೆ ಬಂದರಿನ ಉದ್ದಕ್ಕೂ ನಡೆದು, ಮತ್ತೆ ತಿರುಗಿ ನಡೆದು, ಮನೆಗೆ ಬಂದು ಆಯಿಯ ಹತ್ತಿರ ಬೈಸಿಕೊಳ್ಳುತ್ತಿದ್ದೆ.

ಆ ವಾರವೇ ಆಯಿಯ ಕಾಲಿಗೆ ಮೀನಿನ ಮುಳ್ಳು ಹೊಕ್ಕು ಪಾದ ಬಾತುಕೊಂಡಿತು. ಬೆಳಗಿನ ಲಿಲಾವಿಗೆ ಅವಳ ಬದಲು ನಾನು ಹೋಗಬೇಕಾಯಿತು. ಲಿಲಾವೆಂದರೆ ಮೀನಿನ ಹರಾಜು. ದೋಣಿ ಬಂದು ಮೀನು ಇಳಿಸುತ್ತಿದ್ದ ಹಾಗೆ ಕೂಗುವವನು ರಾಶಿಯ ಪಕ್ಕ ನಿಲ್ಲುತ್ತಾನೆ. ಸುತ್ತ ಲಾರಿಯವರು, ಹೆಂಗಸರು, ಕಾಗೆ. ಹಿಂದೆ ಸಾಲಾಗಿ ನಿಂತ ದೋಣಿಗಳ ಡೀಸೆಲ್ ಇಂಜಿನ್ನುಗಳು ಬಂದ್ ಆಗಿರುವುದಿಲ್ಲ. ಆ ಸದ್ದಿನ ಮೇಲೆ ಯಾರ ಬೆಲೆ ಕೂಗುವವನ ಕಿವಿಗೆ ಬೀಳುತ್ತದೋ ಬುಟ್ಟಿ ಅವರದು.

ನಾನು ಬೆಲೆ ಹೇಳಿದೆ. ಅವನು ತಿರುಗಲಿಲ್ಲ. ಸ್ವರ ಏರಿಸಿ ಇನ್ನೊಮ್ಮೆ ಹೇಳಿದೆ. ಮಾಸ್ತರು ಕಲಿಸಿದ ಸ್ವರ, ಮೂಗಿನ ಹತ್ತಿರದ್ದು. ಇಂಜಿನ್ನಿನ ಹೊಗೆಯ ಜೊತೆಗೇ ಅದೂ ಹಾರಿಹೋಯಿತು. ಒಂದು ಬುಟ್ಟಿ ಲಾರಿಯವನ ಪಾಲಾಯಿತು, ಎರಡನೆಯದೂ ಆಯಿತು. ಮೂರನೆಯ ಬುಟ್ಟಿಗೆ ನಾನೇ ಮೊದಲು ಹೇಳಿದ್ದೆ, ಅದನ್ನೂ ಲಾರಿಯವನಿಗೆ ಎತ್ತಿಕೊಡಲು ಹೊರಟ. ನನಗೆ ಸಿಟ್ಟು ನೆತ್ತಿಗೇರಿತು.

"ಏ! ಬುಟ್ಟಿ ಇಡು ಅಲ್ಲೇ!"

ಇಡೀ ಬಂದರು ತಿರುಗಿತು. ಕೂಗುವವನು ಬುಟ್ಟಿ ಇಟ್ಟ. ಅದು ಏರಿದ ಸ್ವರವಾಗಿರಲಿಲ್ಲ. ಹೊಟ್ಟೆಯಿಂದ, ಎದೆಯಿಂದ ಬಂದ ತಗ್ಗಿನ ಸ್ವರ. ಗಿಟಾರಿನ ದಪ್ಪ ತಂತಿ ಇದ್ದ ಜಾಗದ್ದೇ. ನಿಜವೋ ಭ್ರಮೆಯೋ ನೋಡೋಣವೆಂದು ಮುಂದಿನ ಬುಟ್ಟಿಗೂ ಕೂಗಿದೆ, ಅದರ ಮುಂದಿನದಕ್ಕೂ ಕೂಗಿದೆ. ಒಂದು ವಿಷಯ ಗಮನಕ್ಕೆ ಬಂತು: ನಾನು ಇಂಜಿನ್ನಿನ ಸದ್ದಿನ ಮೇಲೆ ಕೂಗುತ್ತಿರಲಿಲ್ಲ. ಎರಡು ಡುಗುಡುಗಿನ ನಡುವೆ ಸಣ್ಣ ಬಿಡುವು ಇತ್ತು, ಮಾತನ್ನು ಅದರೊಳಗೆ ಇಡುತ್ತಿದ್ದೆ. ಸುತ್ತಲಿನ ಹೆಂಗಸರೆಲ್ಲ ಮಾಡುತ್ತಿದ್ದದ್ದೂ ಅದನ್ನೇ. ನಾನು ಹುಟ್ಟಿದಾಗಿನಿಂದ ಕೇಳಿದ್ದೆ, ಕಿವಿಗೊಟ್ಟಿರಲಿಲ್ಲ.

ಮನೆಗೆ ಹೋದಾಗ ಆಯಿ ಬುಟ್ಟಿ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡಳು. "ಇಷ್ಟು ತಾರ್ಲೆ ಮೀನು ಎಂತಕೆ ತಂದೆ? ಮಾರುದು ಯಾರು, ನಿನ್ನ ಮಾಸ್ತರಾ?" ಅಂದಳು. ನಾನು ನಗುತ್ತಿದ್ದೆ. ನಾಲ್ಕು ದಿನದ ಮೇಲೆ ಅಂದು ಹೊಟ್ಟೆ ತುಂಬ ಉಂಡೆ.

ಸಂಜೆ ಶೆಡ್ಡಿಗೆ ಹೋಗಿ ಗಿಟಾರಿನವನಿಗೆ ಹೇಳಿದೆ, ಆ ಕಾಲೇಜು ಹುಡುಗನಿಗೆ ಈಗಲೇ ಹೇಳಿ ಕಳಿಸಬೇಡ, ಮೊದಲು ನನ್ನದೊಂದು ಕೇಳು. "ನೀನು ಹೊಡೆದು ಹಾಗೇ ಬಿಡಬೇಡ. ಹೊಡಿ, ಕೂಡ್ಲೇ ಅಂಗೈ ಇಟ್ಟು ತಂತಿ ನಿಲ್ಸು. ಆ ನಿಂತ ಜಾಗ ನನ್ನದು."

"ಅದೆಲ್ಲ ಮಾಡಿದ್ರೆ ಸದ್ದು ಸಾಯ್ತದೆ."

"ಸಾಯ್ಲಿ. ಮತ್ತೆ ಹೊಡಿ. ಇಂಜಿನ್ ರೂಮಿನಲ್ಲಿ ಇದ್ದವ ನೀನು, ಇಂಜಿನ್ ಒಂದೇ ಸಮ ಕೂಗ್ತದಾ?"

ಅವನಿಗೆ ಮನಸ್ಸಿರಲಿಲ್ಲ. ತನ್ನ ಗುಡುಗನ್ನು ತುಂಡು ಮಾಡುವುದೆಂದರೆ ಅವನಿಗೆ ಸಂಕಟ. ಆದರೆ ಡ್ರಮ್ಮಿನವನು ಆಗಲೇ ದೊಡ್ಡ ಡ್ರಮ್ಮನ್ನು ಕಾಲಿನಲ್ಲಿ ಒತ್ತಿ ಇಂಜಿನ್ನಿನ ಲಯ ಹಿಡಿದಿದ್ದ, ಅವನು ಅದರಲ್ಲೇ ಬೆಳೆದವನು. ಗಿಟಾರಿನವನು ಹೊಡೆದ, ನಿಲ್ಲಿಸಿದ. ನಿಂತಲ್ಲಿ ನಾನು ಒಂದು ಸಾಲು ಇಟ್ಟೆ, ಬೆಳಿಗ್ಗೆ ಬುಟ್ಟಿಗೆ ಕೂಗಿದ ಗಂಟಲಿನಲ್ಲಿ. ಮೂರೇ ಸುತ್ತು. ಅವನು ಗಿಟಾರು ಕೆಳಗಿಟ್ಟು ನನ್ನನ್ನು ನೋಡಿದ. "ನಿನ್ನ ಹತ್ರ ಇದು ಮೊದಲೇ ಇತ್ತಾ?" ಎಂದ.

ಹಳೆಯ ಹಾಡುಗಳ ಉದ್ದುದ್ದ ಸಾಲು ಆ ಬಿಡುವಿನಲ್ಲಿ ಹಿಡಿಸುತ್ತಿರಲಿಲ್ಲ. ನಮ್ಮದೇ ಹಾಡು ಬೇಕಾಯಿತು. ಡ್ರಮ್ಮಿನವನೂ ನಾನೂ ಬಾಯಿಗೆ ಬಂದದ್ದನ್ನು ಸೇರಿಸಿ ಒಂದು ಮಾಡಿದೆವು: "ಏರು ನೀರು, ಇಳಿ ನೀರು, ಯಾರ ಮಾತು ಕೇಳ್ತು ನೀರು" ಎಂದು ಪಲ್ಲವಿ. ದೊಡ್ಡ ಕವಿತೆಯೇನಲ್ಲ. ಬಾಯಿಗೆ ಕೂರುತ್ತಿತ್ತು. ಒಂದೇ ಆಂಪ್ಲಿಫೈಯರಿನ ತೊಂದರೆಯೂ ಉಳಿದಿತ್ತಲ್ಲ, ಅದಕ್ಕೆ ಊರಲ್ಲಿ ಜಾಹೀರಾತು ಕೂಗುವವನ ಹಳೆಯ ಆಂಪ್ಲಿಫೈಯರ್ ಸೆಟ್ಟನ್ನೂ ಅದರ ಕಹಳೆಯಂಥ ಹಾರ್ನನ್ನೂ ಕೇಳಿ ತಂದೆವು. ಗಿಟಾರು ಪೆಟ್ಟಿಗೆಗೆ, ನನ್ನ ಸ್ವರ ಹಾರ್ನಿಗೆ. ಮೈಕನ್ನು ಬಾಯಿಯಿಂದ ಒಂದು ಗೇಣು ದೂರ ಹಿಡಿಯಬೇಕೆಂದು ಎರಡು ದಿನ ಕಿವಿ ಕಿತ್ತುಹೋಗುವಷ್ಟು ಕಿರುಚಿಸಿದ ಮೇಲೆ ಗೊತ್ತಾಯಿತು.

ಮಾಸ್ತರಿಗೆ ಹೇಳುವುದು ಬಾಕಿಯಿತ್ತು. ಅವರು ಕುಮಟೆಯ ನಂತರ ಶೆಡ್ಡಿಗೆ ಬಂದಿರಲಿಲ್ಲ. ಬಂದ ದಿನ ನಾವು ಹಾಡಿ ತೋರಿಸಿದೆವು. ಮುಗಿಯುವವರೆಗೂ ಅವರು ಹಾರ್ಮೋನಿಯಂನ ಮುಚ್ಚಳದ ಮೇಲೆ ಕೈಯಿಟ್ಟು ಕೂತಿದ್ದರು.

"ತಂಗೀ, ಇದನ್ನು ಬಿಡಿಸುಕೆ ನಂಗೆ ಎಷ್ಟು ವರ್ಷ ಹೋತು, ಗೊತ್ತಿದ್ಯಾ?"

"ಗೊತ್ತಿದೆ ಮಾಸ್ತರೇ."

"ಗೊತ್ತಿದ್ದೂ?"

ಕೊನೆಗೆ ಒಂದು ಒಪ್ಪಂದವಾಯಿತು. ಭಟ್ಕಳದವರು ಮಾಸ್ತರ ಮಾತಿನ ಮೇಲೆ ಕರೆದವರು, ಅವರಿಗೆ ಸಿನಿಮಾ ಹಾಡು ಬೇಕು. ಮೊದಲರ್ಧ ಮಾಸ್ತರ ಹಾಡು, ನಂತರ ನಮ್ಮದು. ಎರಡೂ ನಾನೇ ಹಾಡುವುದು. ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ಕಡಲ ತಡಿಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಇಟ್ಟೆ. ಇಬ್ಬರೂ ಬೇಕಾಗಿದ್ದರು ನನಗೆ.

ಆಯುಧ ಪೂಜೆಯ ಮಧ್ಯಾಹ್ನ ಭಟ್ಕಳ ಬಂದರಿನಲ್ಲಿ ದೋಣಿಗಳಿಗೆಲ್ಲ ಬಾಳೆಕಂಬ, ಮಾವಿನ ಎಲೆ. ಇಂಜಿನ್ನುಗಳಿಗೆ ಅರಿಶಿನ ಕುಂಕುಮ. ಮಾವಳ್ಳಿ, ಹೆಬಳೆ, ಮುಟ್ಟಳ್ಳಿ ಕಡೆಯಿಂದೆಲ್ಲ ಜನ ಬಂದಿದ್ದರು. ಹೆಂಗಸರು ಹೊಸ ಸೀರೆ ಉಟ್ಟು ಗುಂಪಾಗಿ ಕೂತಿದ್ದರು. ವ್ಯಾಪಾರಸ್ಥರು ಹಿಂದೆ ಕುರ್ಚಿಯಲ್ಲಿ. ಮಾಸ್ತರು ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ ಹಾರ್ಮೋನಿಯಂ ತೆರೆದರು. ನಾನು ಸೆರಗು ಹೊದ್ದು ಮೈಕಿನ ಮುಂದೆ ನಿಂತೆ.

ಮೊದಲ ಹಾಡು ಹೇಗೋ ದಾಟಿತು. ಎರಡನೆಯದರಲ್ಲಿ ಚರಣದ ತುದಿಗೆ ಸ್ವರ ಮೇಲೇರಬೇಕು, ಎಳೆಯಾಗಿ ನಿಲ್ಲಬೇಕು. ನೂರು ಸಲ ನಿಲ್ಲಿಸಿದ್ದೆ ಅದನ್ನು. ಅಂದು ಅಲ್ಲಿಗೆ ಹೋಗುತ್ತಲೇ ಒಡೆಯಿತು. ದಿನವೂ ಎದೆಯಿಂದ ಕೂಗಿ ಕೂಗಿ ಆ ಎಳೆ ಸವೆದಿತ್ತು. ಹಾರ್ನು ನನ್ನ ಒಡಕನ್ನು ಇಡೀ ಬಂದರಿಗೆ ಹಂಚಿತು. ಮುಂದೆ ಕೂತ ಹುಡುಗಿಯರು ಬಾಯಿಗೆ ಸೆರಗು ಹಿಡಿದರು. ಮಾಸ್ತರು ಹಾರ್ಮೋನಿಯಂ ನಿಲ್ಲಿಸದೆ, ಅದೇ ಸಾಲನ್ನು ಮತ್ತೆ ಎತ್ತಿಕೊಳ್ಳಲು ಕಣ್ಣಿನಲ್ಲೇ ಹೇಳಿದರು. ಎತ್ತಿಕೊಂಡೆ. ಮತ್ತೆ ಒಡೆಯಿತು.

ಹಿಂದೆ ಗಿಟಾರಿನವನು ತಂತಿಯ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಇನ್ನೊಂದು ಸಲ ಒಡೆದರೆ ನಾನು ಈ ಬಂದರುಗಳಲ್ಲಿ ಎಲ್ಲಿಯೂ ಮೈಕು ಹಿಡಿಯುವ ಹಾಗಿರಲಿಲ್ಲ. ನಾನು ಮಾಸ್ತರ ಕಡೆ ಬಗ್ಗಿ ಹೇಳಿದೆ, "ಮಾಸ್ತರೇ, ಆಗುದಿಲ್ಲ. ಇದು ಹೋತು ನನ್ನಿಂದ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. "ಆತು" ಎಂದರು. ಹಾರ್ಮೋನಿಯಂನ ಗಾಳಿ ಬಿಟ್ಟರು, ಮುಚ್ಚಳ ಹಾಕಿದರು, ಅದನ್ನು ಎತ್ತಿಕೊಂಡು ವೇದಿಕೆಯ ಮೆಟ್ಟಿಲಿಳಿದು ಹೋದರು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಡ್ರಮ್ಮಿನವನಿಗೆ ಕೈ ಮಾಡಿದೆ.

ಮೊದಲು ಬರೀ ಡ್ರಮ್ಮು. ದೋಣಿಯವರು ತಲೆಯೆತ್ತಿದರು, ಅವರಿಗೆ ಆ ಲಯ ಗೊತ್ತು. ಮೇಲಿಂದ ಗಿಟಾರು ಬಿತ್ತು, ನಿಂತಿತು, ಬಿತ್ತು, ನಿಂತಿತು. ನಿಂತಲ್ಲಿ ನಾನು "ಏರು ನೀರು" ಎಂದೆ. ಗುಂಪಿನ ಹಿಂದಿನಿಂದ ಒಬ್ಬ ಹೆಂಗಸು, "ಯಾರ್ದೇ ಅದು, ಇವತ್ತೂ ಲಿಲಾವು?" ಎಂದಳು. ನಗು ಎದ್ದಿತು. ನನಗೆ ಆ ನಗು ತಾಗಲಿಲ್ಲ, ಅದು ನನ್ನ ಕೇರಿಯ ನಗು. ಎರಡನೆಯ ಸುತ್ತಿಗೆ ನಗು ನಿಂತಿತು. ಮೂರನೆಯದಕ್ಕೆ ಬಿಡುವು ಬಂದಲ್ಲೆಲ್ಲ ಹೆಂಗಸರು ತಾವೇ "ನೀರು" ಎನ್ನುತ್ತಿದ್ದರು, ನನ್ನದೇ ಗಂಟಲಿನಲ್ಲಿ, ನನಗಿಂತ ಗಟ್ಟಿಯಾಗಿ. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಲು ಹೋಗಲಿಲ್ಲ. ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ.

ಹಾಡು ಮುಗಿದದ್ದು ಯಾರಿಗೂ ತಿಳಿಯಲಿಲ್ಲ. ಸಮಿತಿಯ ಅಧ್ಯಕ್ಷರು ಬಂದು ಇನ್ನೊಂದು ಹಾಡಿ ಎಂದರು. ನಮ್ಮ ಹತ್ತಿರ ಇನ್ನೊಂದು ಇರಲಿಲ್ಲ. ಅದನ್ನೇ ಹಾಡಿದೆವು, ಇನ್ನೂ ಒಮ್ಮೆ ಹಾಡಿದೆವು. ಗಿಟಾರಿನ ಇನ್ನೊಂದು ತಂತಿ ಹರಿಯಿತು, ದಪ್ಪ ತಂತಿ ಉಳಿದರೆ ಸಾಕಿತ್ತು ಅವನಿಗೆ.

ವೇದಿಕೆ ಇಳಿದು ಮಾಸ್ತರನ್ನು ಹುಡುಕಿದೆ. ಬಂದರಿನ ರಸ್ತೆಯ ತುದಿಗೆ ಹೊನ್ನಾವರದ ಕಡೆಯ ಬಸ್ಸಿಗೆ ಕಾಯುತ್ತ, ಹಾರ್ಮೋನಿಯಂನ ಪೆಟ್ಟಿಗೆಯ ಮೇಲೆ ಕೂತಿದ್ದರು. ಟೆಂಪೋದಲ್ಲೇ ಹೋಗೋಣ ಎಂದೆ. ತಲೆಯಲ್ಲಾಡಿಸಿದರು.

"ನಿನ್ನದು ದೊಡ್ಡ ಸ್ವರ ಹೇಳಿ ನಂಗೆ ಮೊದಲ ದಿನವೇ ಗೊತ್ತಿತ್ತು" ಎಂದರು. "ಶಾಲೆ ಗೋಡೆ ನಡುಗ್ತಿತ್ತು. ಅದಕ್ಕೇ ಸಣ್ಣ ಮಾಡಿದೆ. ದೊಡ್ಡ ಸ್ವರದ ಹುಡುಗೀನ ಮದುವೆ ಮನೆಗೆ ಯಾರೂ ಕರಿಯುದಿಲ್ಲ ತಂಗೀ. ನೀನು ಸಿಗಡಿ ಶೆಡ್ಡಿನಲ್ಲೇ ಉಳಿಬಾರ್ದು ಹೇಳಿ ನಂಗಿತ್ತು."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಹೇಳಲಿಲ್ಲವಲ್ಲ ಎಂದು ಸಿಟ್ಟು. ಅದರ ಹಿಂದೆಯೇ, ನನ್ನ ಬಗ್ಗೆ ಇಷ್ಟು ಯೋಚಿಸಿದವರು ಇನ್ಯಾರಿದ್ದಾರೆ ಎಂದು ಸಂಕಟ. ಬಸ್ಸು ಬಂತು. ಹಾರ್ಮೋನಿಯಂ ಹತ್ತಿಸಿಕೊಟ್ಟೆ. ಕಿಟಕಿಯ ಪಕ್ಕ ಕೂತವರು ಬಸ್ಸು ಹೊರಡುವಾಗ ಕೈಯಿಂದ ನನ್ನನ್ನು ಹತ್ತಿರ ಕರೆದರು.

"ಪಲ್ಲವಿ ಕೊನೆಗೆ ಸ್ವರ ಮೇಲೆ ತಕ್ಕೊಂಡು ಹೋಗ್ತೆ ನೀನು. ಹಳೆ ಅಭ್ಯಾಸ. ಅಲ್ಲಿ ಇಳಿ. ಇನ್ನೂ ಎರಡು ಮನೆ ಕೆಳಗೆ ಜಾಗ ಇದೆ ನಿಂಗೆ."

ಮದುವೆ ಮನೆಗಳ ಬಗ್ಗೆ ಅವರು ಹೇಳಿದ್ದು ಸರಿಯಾಗಿತ್ತು. ಆ ವರ್ಷ ಒಂದು ಮದುವೆ ಮನೆಯೂ ನಮ್ಮನ್ನು ಕರೆಯಲಿಲ್ಲ. ಕರೆದದ್ದೆಲ್ಲ ಬಂದರಿನವರು, ದೋಣಿಯವರು. ಹಗಲು ನಾನು ಸಿಗಡಿ ಸುಲಿಯುವುದೂ ತಪ್ಪಲಿಲ್ಲ. ಮಾಸ್ತರು ನಮ್ಮ ಜೊತೆ ಮತ್ತೆ ನುಡಿಸಲಿಲ್ಲ. ಶಾಲೆಯ ಇನ್ನೊಬ್ಬ ಹುಡುಗಿಗೆ ಹಾಡು ಹೇಳಿಕೊಡುತ್ತಿದ್ದಾರೆಂದು ಕೇಳಿದೆ, ಹೊಟ್ಟೆ ಉರಿಯಿತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಭಟ್ಕಳದ ನಂತರ ನಮ್ಮ ಮುಂದಿನ ಕಾರ್ಯಕ್ರಮ ಕುಮಟೆಯ ಬಂದರಿನಲ್ಲಿ. ಪಲ್ಲವಿಯ ಕೊನೆಗೆ ಬಂದಾಗ ಗಿಟಾರು ನಿಂತಿತು. ನಾನು ಮೇಲೆ ಹೋಗಲಿಲ್ಲ. ಇಳಿದೆ, ಇನ್ನೂ ಇಳಿದೆ, ನನಗೇ ಗೊತ್ತಿಲ್ಲದ ಕಡೆಗೆ. ಮಾಸ್ತರು ಹೇಳಿದ ಜಾಗ ಅಲ್ಲಿ ಇತ್ತು.